ಬೆನ್ನಿಗೆ ಕಟ್ಟಿದ ಕಿವಿ

೧೯೬೬ರ ನವೆಂಬರ್ ೨೧, ಸೋಮವಾರ. ನನ್ನ ದಿನಚರಿಯಲ್ಲಿ ಆ ದಿನದ ಮೊದಲ ಸಾಲು ಇಷ್ಟೇ: "ಬರೋಡಾ. ಐವತ್ತಕ್ಕೆ ಇಪ್ಪತ್ತೇಳು."

ಐವತ್ತು ಎಂದರೆ ದೋಸೆಯ ಆರ್ಡರುಗಳು. ಇಪ್ಪತ್ತೇಳು ಎಂದರೆ ಅವುಗಳ ಪೈಕಿ ದೋಸೆ ಹೊಯ್ಯುವ ಭಟ್ಟರ ಕಿವಿಗೆ ಮೊದಲ ಕೂಗಿಗೇ ಬಿದ್ದವು. ಸ್ಟೇಷನ್ನಿಗೆ ಹತ್ತಿರ, ಅಲ್ಕಾಪುರಿಯಲ್ಲಿದ್ದ ಒಂದು ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ಮಗುಚಿಟ್ಟ ಎಣ್ಣೆ ಡಬ್ಬದ ಮೇಲೆ ಕೂತು ನಾನು ಇವನ್ನು ಎಣಿಸಿದ್ದೆ. ಒಂದೇ ಸಲಕ್ಕೆ ಕೇಳಿಸಿದರೆ ಗೀಟು, ಎರಡನೆಯ ಸಲ ಕೂಗಬೇಕಾಗಿ ಬಂದರೆ ಸೊನ್ನೆ, ತಪ್ಪು ದೋಸೆ ಹೊರಬಂದರೆ ಅಥವಾ ದೋಸೆಯೇ ಬಾರದಿದ್ದರೆ ಅಡ್ಡಗೆರೆ. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆಯೊಳಗೆ ಇಪ್ಪತ್ತೇಳು ಗೀಟು, ಹದಿನೇಳು ಸೊನ್ನೆ, ಆರು ಅಡ್ಡಗೆರೆ.

ನನಗಾಗ ಇಪ್ಪತ್ತಮೂರು ವಯಸ್ಸು. ಊರು ಧಾರವಾಡ. ಕೆಲಸ ಅಹಮದಾಬಾದಿನ ನವರಂಗಪುರದಲ್ಲಿದ್ದ ಒಂದು ಶ್ರವಣಯಂತ್ರದ ಅಂಗಡಿಯಲ್ಲಿ. ಸೋಮವಾರ ಬರೋಡಾ, ಶುಕ್ರವಾರ ಸೂರತ್, ಉಳಿದ ದಿನ ಅಂಗಡಿ. ಬರೋಡಾಕ್ಕೆ ಹಿಂದಿನ ಸಂಜೆಯೇ ಬಂದು ಆ ಹೋಟೆಲಿನ ಮಹಡಿಯಲ್ಲಿ ಉಳಿಯುತ್ತಿದ್ದೆ. ನನ್ನ ಚೀಲದಲ್ಲಿ ಏನಿರುತ್ತದೆ ಎಂಬುದು ಹೋಟೆಲಿನ ಯಜಮಾನರಿಗೆ ಗೊತ್ತಿತ್ತು. ಆದರೂ ಒಂದು ವರ್ಷ ಅವರು ಅದರ ಮಾತೆತ್ತಿರಲಿಲ್ಲ. ಎತ್ತಿದ್ದು ದೀಪಾವಳಿ ಕಳೆದ ಮೇಲೆ, ಒಂದು ದೋಸೆಯ ದೆಸೆಯಿಂದ.

ಆ ಹೋಟೆಲಿನಲ್ಲಿ ಮಸಾಲೆ ದೋಸೆ ಎರಡು ಥರ. ಒಂದರೊಳಗೆ ಬಟಾಟೆ, ಈರುಳ್ಳಿಯ ಪಲ್ಯ. ಇನ್ನೊಂದರೊಳಗೆ ಬಾಳೆಕಾಯಿ ಪಲ್ಯ. ನೆಲದೊಳಗೆ ಬೆಳೆದ ಗೆಡ್ಡೆಯನ್ನು ಮುಟ್ಟದ ಜೈನರಿಗಾಗಿ ಭಟ್ಟರೇ ಹುಡುಕಿದ ದಾರಿ ಅದು. ಪಕ್ಕದ ಗಲ್ಲಿಯ ಜೈನ ಹಿರಿಯರೊಬ್ಬರು ಪ್ರತಿ ಭಾನುವಾರ ಮನೆಮಂದಿಯೊಡನೆ ಬಂದು ಬಾಳೆಕಾಯಿ ಮಸಾಲೆಯನ್ನೇ ತಿನ್ನುತ್ತಿದ್ದರು. ಒಂದು ಭಾನುವಾರ ಸಪ್ಲಾಯರ್ ಕೂಗಿದ್ದರಲ್ಲಿ "ಐದು ಮಸಾಲೆ" ಭಟ್ಟರಿಗೆ ಕೇಳಿಸಿತು, ಕೊನೆಯಲ್ಲಿದ್ದ "ಬಾಳೆಕಾಯಿ" ಕೇಳಿಸಲಿಲ್ಲ. ಹಿರಿಯರು ಮೊದಲ ತುತ್ತನ್ನೇ ಕೈಯಲ್ಲಿ ಹಿಡಿದು ನೋಡಿದರು. ತಟ್ಟೆ ಸರಿಸಿದರು. ಎದ್ದು ಹೋದರು.

"ಬೈದಿದ್ರೆ ಒಳ್ಳೇದಿತ್ತು ಮಾರಾಯ್ರೇ" ಎಂದರು ಯಜಮಾನರು. "ಕೈ ಮುಗಿದು ಹೋದ್ರು. ಮರುವಾರ ಆ ಗಲ್ಲಿಯಿಂದ ಒಂದು ನರಪಿಳ್ಳೆ ಬರ್ಲಿಲ್ಲ."

ಭಟ್ಟರು ಹನ್ನೊಂದು ವರ್ಷದಿಂದ ಆ ಕಾವಲಿಯ ಮುಂದೆ ನಿಂತವರು. ವಯಸ್ಸು ಐವತ್ತೆರಡು. ಅವರ ದೋಸೆಗೆ ಸಾಟಿ ಬರೋಡಾದಲ್ಲಿರಲಿಲ್ಲ. ಆದರೆ ಹೋಟೆಲಿನ ಕ್ರಮವೇ ಹಾಗಿತ್ತು: ಸಪ್ಲಾಯರ್ ಕಿಂಡಿಯ ಆಚೆ ನಿಂತು ಕೂಗುತ್ತಾನೆ, ಭಟ್ಟರು ಕೈ ನಿಲ್ಲಿಸದೆ ಕೇಳಿಸಿಕೊಳ್ಳುತ್ತಾರೆ. ಚೀಟಿ ಬರೆದು ನೋಡಿಯಾಗಿತ್ತು. ಹಿಟ್ಟಿನ ಕೈಯಲ್ಲಿ ಚೀಟಿ ಎತ್ತಲಾಗದು. ಎರಡು ಚೀಟಿ ಹಿಟ್ಟಿಗೆ ಬಿದ್ದವು, ಒಂದು ಕಾವಲಿಯ ಮೇಲೆ ಹೊತ್ತಿಕೊಂಡಿತು. ಒಲೆಯನ್ನು ಕಿಂಡಿಯ ಕಡೆ ತಿರುಗಿಸೋಣವೆಂದರೆ ಹೊಗೆಕೊಳವೆ ಗೋಡೆಯೊಳಗೆ ಕಟ್ಟಿದ್ದು.

ಯಜಮಾನರು ಊರಿಗೆ ಒಂದು ಕಾರ್ಡು ಬರೆದಿಟ್ಟಿದ್ದರು. ಜನವರಿಗೆ ಹೊಸ ದೋಸೆಯವನನ್ನು ಕಳಿಸಿ ಎಂದು. ಭಟ್ಟರು ರುಬ್ಬುವ ಕೋಣೆಗೆ. ಡಿಸೆಂಬರ್ ಹದಿನೈದರೊಳಗೆ ಅದನ್ನು ಅಂಚೆಗೆ ಹಾಕಬೇಕು, ತಪ್ಪಿದರೆ ಅವನು ಬರುವುದು ತಡವಾಗುತ್ತದೆ. "ಅಷ್ಟರೊಳಗೆ ನಿಮ್ಮ ಮೆಷಿನ್ನಿಂದ ಎಂತಾದ್ರೂ ಆಗ್ತದಾ ನೋಡಿ" ಎಂದರು.

ಭಟ್ಟರಿಗೆ ಇದೆಲ್ಲ ಗೊತ್ತಿತ್ತು. ನಾನು ಪರೀಕ್ಷೆಗೆ ಕರೆದಾಗ ಕೈ ಒರೆಸಿಕೊಳ್ಳುತ್ತ ಬಂದು ಹೇಳಿದರು: "ರುಬ್ಬುಕಲ್ಲಿಗೆ ಕಿವಿ ಬೇಡ ಅಂತ ಯಜಮಾನ್ರು ಹೇಳುದು ಸರಿಯೇ. ಆದ್ರೆ ನಂಗೆ ಕಾವಲಿ ಬೇಕು ಮಾರಾಯಾ."

ಪರೀಕ್ಷೆಗೆ ಸದ್ದಿಲ್ಲದ ಜಾಗ ಬೇಕು. ಸ್ಟೇಷನ್ನಿನ ಹತ್ತಿರ ಅದೆಲ್ಲಿ ಸಿಗಬೇಕು. ಕೊನೆಗೆ ಉಗ್ರಾಣ ಸಿಕ್ಕಿತು. ಮೂರು ಕಡೆ ಅಕ್ಕಿ ಮೂಟೆ, ಒಂದು ಕಡೆ ಉದ್ದಿನ ಮೂಟೆ. ನಮ್ಮ ಅಂಗಡಿಯ ಗಾಜಿನ ಕೋಣೆಗಿಂತ ಅದೇ ಚೆನ್ನಾಗಿತ್ತು. ಭಟ್ಟರನ್ನು ಮೂಟೆಯ ಮೇಲೆ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಯಂತ್ರದಿಂದ ಒಂದೊಂದೇ ಸ್ವರ ಕೊಟ್ಟೆ. ದಪ್ಪ ಸ್ವರಗಳು ಸುಮಾರಾಗಿ ಕೇಳುತ್ತಿದ್ದವು. ಸಣ್ಣ ಸ್ವರಗಳಿಗೆ ಬಂದಂತೆ ಫಾರಮಿನ ಮೇಲೆ ನಾನು ಎಳೆಯುತ್ತಿದ್ದ ಗೆರೆ ಕೆಳಗಿಳಿಯಿತು. ಎರಡೂ ಕಿವಿ ಹೆಚ್ಚುಕಡಿಮೆ ಒಂದೇ. ಬಲಗಿವಿ ಕೂದಲೆಳೆಯಷ್ಟು ಮೇಲು. ಫಾರಮಿನಲ್ಲಿ "ಬಲ" ಎಂದು ಬರೆದೆ. ಯಂತ್ರದ ತುದಿ ಕಿವಿಯಲ್ಲಿ ಬಿಗಿಯಾಗಿ ಕೂರಲೆಂದು ಬಲಗಿವಿಗೆ ಪ್ಲಾಸ್ಟರಿನ ಅಚ್ಚು ತೆಗೆದೆ.

ಚೀಲದಲ್ಲಿ ಮೂರು ಮಾದರಿಗಳಿದ್ದವು. ಒಂದು ಪೆಟ್ಟಿಗೆಯ ಥರದ್ದು: ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಮುಂಭಾಗದಲ್ಲಿ ಸದ್ದನ್ನು ಹಿಡಿಯುವ ಜಾಲರಿ, ಅಲ್ಲಿಂದ ಕಿವಿಗೊಂದು ತಂತಿ. ಇನ್ನೊಂದು ಕನ್ನಡಕದ್ದು: ಅದರ ದಪ್ಪ ಕಡ್ಡಿಯೊಳಗೇ ಯಂತ್ರ. ಮೂರನೆಯದು ಗೋಡಂಬಿಯಷ್ಟೇ, ಕಿವಿಯ ಹಿಂದೆ ಸಿಕ್ಕಿಸುವಂಥದ್ದು, ಹೊರದೇಶದಿಂದ ಬಂದದ್ದು. ಅದು ಅಂಗಡಿಯಲ್ಲಿ ಒಂದೇ ಒಂದಿತ್ತು. ತೋರಿಸಲು ಮಾತ್ರ ಎಂದು ಮ್ಯಾನೇಜರರು ನೂರು ಸಲ ಹೇಳಿದ್ದರು.

ಮೊದಲು ಪೆಟ್ಟಿಗೆ. ಅದನ್ನು ಎದೆಯ ಮೇಲೆ ಹಾಕಬೇಕು ಎಂದು ಕಂಪನಿಯ ಪುಸ್ತಕದಲ್ಲಿ ಚಿತ್ರಸಮೇತ ಇತ್ತು. ಕೋಟು ತೊಟ್ಟ ಗೃಹಸ್ಥನೊಬ್ಬ ಜೇಬಿನಲ್ಲಿ ಪೆನ್ನಿನ ಪಕ್ಕ ಅದನ್ನಿಟ್ಟುಕೊಂಡು ನಗುತ್ತಿದ್ದ. ನಮ್ಮ ಭಟ್ಟರಿಗೆ ಕೋಟಿರಲಿ, ಅಂಗಿಯೂ ಇಲ್ಲ. ಸೊಂಟಕ್ಕೊಂದು ಪಂಚೆ, ಹೆಗಲಿಗೊಂದು ಬೈರಾಸು. ಅಂಥವರಿಗೆಂದೇ ಕಂಪನಿ ಕೊರಳಿಗೆ ಹಾಕುವ ಕರಿಯ ಚೀಲವೊಂದನ್ನು ಕೊಟ್ಟಿತ್ತು. ಹೆಮ್ಮೆಯಿಂದ ತೆಗೆದೆ.

ಭಟ್ಟರು ಅದನ್ನು ಮೂಸಿ ನೋಡಿದರು. "ಇದು ತೊಗಲಲ್ವಾ?"

"ಹೌದ್ರಿ ಭಟ್ರ. ಛಲೋ ತೊಗಲು. ಕಂಪನೀದು."

"ಛಲೋ ಇರ್ಲಿ. ಇದು ಅಡುಗೆಮನೆ ಹೊಸ್ತಿಲು ದಾಟ್ಲಿಕ್ಕಿಲ್ಲ." ಹಾಗೆಂದವರು ನನ್ನ ಸೊಂಟವನ್ನು ನೋಡಿದರು. "ನೀನು ಬೆಳಗ್ಗಿಂದ ಅದನ್ನೇ ಕಟ್ಕೊಂಡು ಹಿಟ್ಟಿನ ಪಕ್ಕ ಕೂತದ್ದಾ?"

ಬೆಲ್ಟು ಬಿಚ್ಚಿ ಹೊರಗಿಟ್ಟು ಬಂದೆ. ಅಲ್ಲಿಂದ ಮುಂದೆ ಆ ಅಡುಗೆಮನೆಯಲ್ಲಿ ನಾನು ಎದ್ದಾಗಲೆಲ್ಲ ಒಂದು ಕೈಯಲ್ಲಿ ಪೆನ್ಸಿಲು, ಇನ್ನೊಂದು ಕೈಯಲ್ಲಿ ಪ್ಯಾಂಟು.

ಯಂತ್ರವನ್ನು ಒಗೆದ ಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿದೆವು. ಕಿವಿಗೆ ತಾತ್ಕಾಲಿಕವಾಗಿ ರಬ್ಬರ್ ಬಿರಡೆ. ಭಟ್ಟರು ಕಾವಲಿಗೆ ನೀರು ಚಿಮುಕಿಸಿದರು, ಮರುಕ್ಷಣ ಎರಡು ಹೆಜ್ಜೆ ಹಿಂದೆ ಹಾರಿದರು.

"ಏನಾತ್ರಿ?"

"ಕಿವಿಯೊಳಗೆ ಯಾರೋ ದೋಸೆ ಹೊಯ್ದ ಹಾಗಾಯ್ತು."

ಕಾವಲಿಯ ಚುಂಯ್, ಸಟ್ಟುಗದ ಕೆರೆತ, ಒಲೆಯ ಭುಸುಭುಸು ಎಲ್ಲವೂ ಎದೆಯಿಂದ ಒಂದು ಗೇಣು ದೂರ. ಸಪ್ಲಾಯರನ ಕೂಗು ಬೆನ್ನಿನ ಹಿಂದೆ ಎಂಟು ಅಡಿ. ಮಧ್ಯಾಹ್ನದ ಎಣಿಕೆ: ಐವತ್ತಕ್ಕೆ ಹತ್ತೊಂಬತ್ತು. ಯಂತ್ರ ಇಲ್ಲದಿದ್ದಾಗಲೇ ವಾಸಿಯಿತ್ತು ಎಂದು ಬರೆಯಲು ಕೈ ಬರಲಿಲ್ಲ. ಅಂಕಿಗಳನ್ನು ಮಾತ್ರ ಬರೆದೆ.

ನವೆಂಬರ್ ೨೮, ಸೋಮವಾರ. ಬಲಗಿವಿಯ ಅಚ್ಚು ಸೂರತ್ತಿನಿಂದ ತಯಾರಾಗಿ ಬಂದಿತ್ತು. ಈ ಸಲ ಕನ್ನಡಕ. ಭಟ್ಟರ ಕಣ್ಣಿಗೆ ದೋಷವಿಲ್ಲದ್ದರಿಂದ ಬರಿಯ ಗಾಜು ಹಾಕಿಸಿದ್ದೆ. ಹಾಕಿಕೊಂಡು ಕಿಂಡಿಯ ಕಡೆ ತಿರುಗಿದಾಗ ಎತ್ತರದ ಸಪ್ಲಾಯರ್, ಆ ಹೋಟೆಲಿನ ಬಾಯಿಬಡುಕ, ನೆಟ್ಟಗೆ ನಿಂತು ಕೈ ಜೋಡಿಸಿದ.

"ನಮಸ್ಕಾರ ಹೆಡ್‌ಮೇಷ್ಟ್ರೇ. ಎರಡು ಸಾದಾ, ಒಂದು ಮಸಾಲೆ. ತಪ್ಪಿದ್ರೆ ಬೆಂಚಿನ ಮೇಲೆ ನಿಲ್ತೇನೆ."

ಮೊದಲ ಎಂಟು ಆರ್ಡರು ಚೆನ್ನಾಗಿಯೇ ಹೋದವು. ಒಂಬತ್ತನೆಯದಕ್ಕೆ ಪಕ್ಕದ ಇಡ್ಲಿ ಪಾತ್ರೆಯ ಮುಚ್ಚಳ ತೆರೆಯಿತು. ಗಾಜು ಬೆಳ್ಳಗಾಯಿತು. ಭಟ್ಟರು ಕೈಯಲ್ಲಿ ಹಿಟ್ಟಿನ ಸೌಟು ಹಿಡಿದು ಗಾಳಿಯಲ್ಲಿ ಕಾವಲಿಯನ್ನು ಹುಡುಕಿದರು. ಗಾಜನ್ನೇ ಬಿಚ್ಚಿ ಬರಿಯ ಚೌಕಟ್ಟನ್ನು ಹಾಕಿಸಿದೆ. ಆಗ ಬೆವರಿಗೆ ಅದು ಮೂಗಿನಿಂದ ಜಾರತೊಡಗಿತು. ಜಾರಿದಾಗಲೆಲ್ಲ ಕಿವಿಯ ಅಚ್ಚು ಸಡಿಲವಾಗಿ ಯಂತ್ರ ಸಿಳ್ಳೆ ಹಾಕುತ್ತಿತ್ತು. ಐವತ್ತಕ್ಕೆ ಇಪ್ಪತ್ತನಾಲ್ಕು. ಷರಾ ಅಂಕಣದಲ್ಲಿ "ಆವಿ" ಎಂದು ಬರೆದೆ.

ಡಿಸೆಂಬರ್ ೫, ಸೋಮವಾರ. ಗೋಡಂಬಿ.

ಅದನ್ನು ಬಲಗಿವಿಯ ಹಿಂದೆ ಸಿಕ್ಕಿಸಿ, ಸಣ್ಣ ಕೊಳವೆಯನ್ನು ಅಚ್ಚಿಗೆ ಜೋಡಿಸಿದೆ. ಹೊರಗೆ ಕಾಣಿಸುವುದೇ ಇಲ್ಲ. ಸದ್ದು ಹಿಡಿಯುವ ತೂತು ತಲೆಯ ಮಟ್ಟದಲ್ಲಿದ್ದುದರಿಂದ ಕಾವಲಿ ದೂರವಾಯಿತು, ಕಿಂಡಿ ಹತ್ತಿರವಾಯಿತು. ಗೀಟಿನ ಮೇಲೆ ಗೀಟು ಬಿದ್ದವು. ಐವತ್ತಕ್ಕೆ ಮೂವತ್ತೆಂಟು. ಯಜಮಾನರು ಗಲ್ಲಾ ಬಿಟ್ಟು ಎದ್ದು ಬಂದು ನನ್ನ ಪುಸ್ತಕವನ್ನು ಎರಡು ಸಲ ನೋಡಿದರು. ನನಗೆ ಕಾಫಿ ಬಂತು, ಕೇಳದೆಯೇ ಕೇಸರಿಬಾತೂ ಬಂತು.

ಹನ್ನೊಂದು ಗಂಟೆಗೆ ಜನ ಕಡಿಮೆಯಾದರು. ಭಟ್ಟರು ಹಿತ್ತಲಿಗೆ ಹೋದರು. ಹತ್ತು ನಿಮಿಷದ ಮೇಲೆ ಬಂದು ನನ್ನ ಮುಂದೆ ನಿಂತರು. ಮುಖ ಸಣ್ಣದಾಗಿತ್ತು.

"ಮಾರಾಯಾ, ಒಂದು ತಪ್ಪಾಯ್ತು."

ಕಿವಿ ನೋಡಿದೆ. ಅಚ್ಚು ಇಲ್ಲ, ಗೋಡಂಬಿಯೂ ಇಲ್ಲ.

ನಡೆದದ್ದು ಇಷ್ಟು. ಹಿತ್ತಲಿಗೆ ಹೋಗುವಾಗ ಜನಿವಾರವನ್ನು ಬಲಗಿವಿಗೆ ಸುತ್ತಿಕೊಳ್ಳುವುದು ಅವರ ಎಂಟನೆಯ ವರ್ಷದಿಂದ ಬಂದ ಅಭ್ಯಾಸ. ಸುತ್ತಿಕೊಂಡರು. ಬಂದು ಕೈಕಾಲು ತೊಳೆಯುವಾಗ ಅದನ್ನು ಬಿಡಿಸಿ ಎಳೆದರು. ನಲವತ್ತನಾಲ್ಕು ವರ್ಷ ಎಳೆದ ಹಾಗೆಯೇ ಎಳೆದರು. ದಾರದ ಜೊತೆ ಯಂತ್ರವೂ ಬಂತು, ಅಚ್ಚೂ ಬಂತು, ಎರಡೂ ಹಾರಿಹೋದವು.

ಹಿತ್ತಲಿನಲ್ಲಿ ಐದು ಜನ ಬಗ್ಗಿ ಹುಡುಕಿದೆವು. ಅಚ್ಚು ತುಳಸಿಕಟ್ಟೆಯ ಬುಡದಲ್ಲಿ ಸಿಕ್ಕಿತು. ಯಂತ್ರ ಸಿಕ್ಕಿದ್ದು ತುಂಬಿದ ಹಿತ್ತಾಳೆ ಕೊಳಗದ ತಳದಲ್ಲಿ. ಎತ್ತರದ ಸಪ್ಲಾಯರ್ ಮೊಣಕೈವರೆಗೆ ಕೈ ಇಳಿಸಿ ಎತ್ತಿಕೊಟ್ಟ. "ಸ್ನಾನ ಆಯ್ತು. ಇನ್ನು ಮಡಿಗೆ ಅಡ್ಡಿ ಇಲ್ಲ" ಎಂದ. ಯಾರೂ ನಗಲಿಲ್ಲ. ಇಡ್ಲಿ ಪಾತ್ರೆಯ ಬಿಸಿ ಮುಚ್ಚಳದ ಮೇಲಿಟ್ಟು ಒಣಗಿಸಿದೆವು, ಹೊಸ ಸೆಲ್ ಹಾಕಿದೆವು. ಸದ್ದಿಲ್ಲ.

ಭಟ್ಟರು ಉಗ್ರಾಣದ ಬಾಗಿಲಲ್ಲಿ ಕೂತಿದ್ದರು. "ನಿನ್ನ ಕೆಲಸಕ್ಕೆ ಕುತ್ತು ಬಂತಲ್ಲಾ" ಎಂದರು. ತಮ್ಮ ಕೆಲಸದ ಮಾತು ಆಡಲಿಲ್ಲ. ಆಮೇಲೆ ತಾವೇ ಎಡಗಿವಿಯನ್ನು ಹಿಡಿದು ತೋರಿಸಿದರು. "ಬಲಗಿವಿ ದಾರದ್ದು. ಅದನ್ನು ಕೇಳ್ಬಾರ್ದಿತ್ತು ನಾವು. ಇದು ಖಾಲಿ ಉಂಟು. ಇದಕ್ಕೆ ಎಂತಾದ್ರೂ ಆಗ್ತದಾ?"

ಏನಾಗುತ್ತದೋ ನನಗೂ ಗೊತ್ತಿರಲಿಲ್ಲ. ಆದರೂ ಎಡಗಿವಿಗೆ ಪ್ಲಾಸ್ಟರು ಕಲಸಿದೆ. ಅಚ್ಚು ತೆಗೆದುಕೊಂಡು ರೈಲು ಹತ್ತಿದೆ.

ಡಿಸೆಂಬರ್ ೬, ಮಂಗಳವಾರ. ಮ್ಯಾನೇಜರರಿಗೆ ಬರೆದ ವಿವರಣೆ ಎರಡು ಪುಟ ಬಂತು. ಕೊನೆಯ ಪ್ಯಾರಾ ಬರೆಯಲು ಬಹಳ ಹೊತ್ತು ಹಿಡಿಯಿತು. ಜನಿವಾರವನ್ನು ಯಾವಾಗ, ಏಕೆ, ಯಾವ ಕಿವಿಗೆ ಸುತ್ತುತ್ತಾರೆ ಎಂಬುದನ್ನು ಕಚೇರಿಯ ಇಂಗ್ಲಿಷಿನಲ್ಲಿ ಬರೆಯಲು ನನಗೆ ಯಾರೂ ಕಲಿಸಿರಲಿಲ್ಲ. ಮ್ಯಾನೇಜರರು ಗುಜರಾತಿ. ಓದುತ್ತ ಓದುತ್ತ ಅವರ ಮುಖ ಕೆಂಪಾಯಿತು. ಕೆಲಸ ಹೋಯಿತೆಂದುಕೊಂಡೆ. ನೋಡಿದರೆ ಅವರು ನಗುವನ್ನು ತಡೆಯುತ್ತಿದ್ದರು. ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಒಳಗಿನ ದಾರವನ್ನು ಹೆಬ್ಬೆರಳಲ್ಲಿ ಎತ್ತಿ ತೋರಿಸಿದರು.

"ಅರೇ ಭಾಯಿ, ನಾವೂ ಜನೋಯಿಯವರೇ" ಎಂದರು ಹಿಂದಿಯಲ್ಲಿ. "ಇಷ್ಟು ವರ್ಷದಿಂದ ಬಲಗಿವಿಗೆ ಮೆಷಿನ್ ಮಾರುತ್ತಿದ್ದೇನೆ. ನನಗೇ ಹೊಳೆಯಲಿಲ್ಲ ನೋಡು."

ಫಾರಮಿನ ಕೆಳಗೆ ಒಂದು ಹೊಸ ಸಾಲು ಸೇರಿಸಲು ಹೇಳಿದರು: ಜನೋಯಿ ಉಂಟೇ, ಇಲ್ಲವೇ. ಆದರೆ ಇನ್ನೊಂದು ಗೋಡಂಬಿ ಬರಲು ಆಮದು ಪರವಾನಗಿ ಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. "ಪೆಟ್ಟಿಗೆಯಿಂದ ಏನಾದರೂ ಮಾಡು" ಎಂದರು. ಪೆಟ್ಟಿಗೆಗೆ ಬಂದದ್ದು ಹತ್ತೊಂಬತ್ತು ಎಂದು ಅವರಿಗೆ ಹೇಳಲಿಲ್ಲ. ಹದಿನೈದನೆಯ ತಾರೀಕಿಗೆ ಒಂಬತ್ತು ದಿನ ಉಳಿದಿತ್ತು.

ಡಿಸೆಂಬರ್ ೯, ಶುಕ್ರವಾರ. ಸೂರತ್. ನಮ್ಮ ಅಚ್ಚುಗಳನ್ನು ಮಾಡಿಕೊಡುತ್ತಿದ್ದವರು ಹಲ್ಲಿನ ಸೆಟ್ ಕಟ್ಟುವ ಒಬ್ಬ ಪಾರ್ಸಿ ಮುದುಕರು. ಹಲ್ಲಿನ ಒಸಡಿಗೆ ಬಳಸುವ ವಸ್ತುವೇ ಕಿವಿಯ ಅಚ್ಚಿಗೂ ಆಗುತ್ತದೆ. ಆದ್ದರಿಂದ ನಮ್ಮ ಗಿರಾಕಿಗಳ ಕಿವಿಯೆಲ್ಲ ಒಸಡಿನ ಬಣ್ಣ. ಅವರ ಕೋಣೆ ಮಹಡಿಯ ಮೇಲೆ. ಕಿಟಕಿ ತೆರೆದರೆ ಎದುರಿಗೇ ವಿದ್ಯುತ್ ಮಗ್ಗಗಳ ಶೆಡ್ಡು. ಖಟಖಟ ಖಟಖಟ, ದಿನವಿಡೀ.

ಗಿರಾಕಿಗೆ ಕೊಡುವ ಮೊದಲು ಪ್ರತಿ ಯಂತ್ರವನ್ನೂ ನಾನೇ ಹಾಕಿ ನೋಡುವುದು ನನ್ನ ಪದ್ಧತಿ. ಅದಕ್ಕೆಂದು ನನ್ನ ಕಿವಿಗೂ ಒಂದು ಅಚ್ಚು ಮಾಡಿಸಿಕೊಂಡಿದ್ದೆ. ಪೆಟ್ಟಿಗೆಯನ್ನು ಅಂಗಿಯ ಜೇಬಿಗೆ ಹಾಕಿ, ತಂತಿ ಸಿಕ್ಕಿಸಿ, ಇನ್ನೊಂದು ಕಿವಿಗೆ ಹತ್ತಿ ತುರುಕಿ, ಕಿಟಕಿಯ ಬಳಿ ನಿಂತು ಮಗ್ಗ ನೋಡುತ್ತಿದ್ದೆ. ಕಿವಿ ತುಂಬ ಖಟಖಟ. ಹಿಂದಿನಿಂದ ಮುದುಕರು ಏನೋ ಹೇಳಿದರು. ಕೇಳಿಸಲಿಲ್ಲ. ಮತ್ತೆ ಹೇಳಿದರು. ಕೇಳಿಸಲಿಲ್ಲ. ಹೆಗಲು ಹಿಡಿದು ನನ್ನನ್ನು ತಮ್ಮ ಕಡೆ ತಿರುಗಿಸಿದರು.

"ದೀಕ್ರಾ, ಮಗನೇ, ನೀನು ಮಾತಾಡಲು ಬಂದದ್ದು ಮಗ್ಗದ ಹತ್ತಿರವೋ, ನನ್ನ ಹತ್ತಿರವೋ?"

ಪ್ರತಿ ಅಕ್ಷರವೂ ಕೇಳಿಸಿತು. ಮಗ್ಗ ನಿಂತಿರಲಿಲ್ಲ. ಆದರೆ ಈಗ ಅದು ನನ್ನ ಬೆನ್ನಿನ ಹಿಂದಿತ್ತು, ಪೆಟ್ಟಿಗೆಯ ಜಾಲರಿ ಮುದುಕರ ಕಡೆಗಿತ್ತು, ನಡುವೆ ನನ್ನ ಮೈ ಗೋಡೆಯಾಗಿತ್ತು.

ಕಿಟಕಿಯ ಕಡೆ ತಿರುಗಿದೆ: ಖಟಖಟ. ಮುದುಕರ ಕಡೆ ತಿರುಗಿದೆ: ಮಾತು. ಇನ್ನೊಮ್ಮೆ ತಿರುಗಿದೆ.

"ತಲೆ ಸುತ್ತುತ್ತಿದೆಯಾ? ನೀರು ಕೊಡಲಾ?" ಎಂದರು ಅವರು.

ಜೇಬಿನಿಂದ ಪೆಟ್ಟಿಗೆ ತೆಗೆದು, ಕೈಯನ್ನು ಹಿಂದೆ ಮಡಿಸಿ, ಬೆನ್ನಿಗೆ ಒತ್ತಿ ಹಿಡಿದು, ಕಿಟಕಿಯ ಕಡೆ ಮುಖ ಮಾಡಿ ನಿಂತೆ. "ಕಾಕಾ, ಈಗ ಏನಾದರೂ ಹೇಳಿ."

"ಏನು ಹೇಳಲಿ? ನಿನಗೆ ಹುಚ್ಚು ಹಿಡಿದಿದೆ."

ಅದೂ ಕೇಳಿಸಿತು, ಸ್ಪಷ್ಟವಾಗಿ.

ಪುಸ್ತಕದ ಕೋಟಿನ ಗೃಹಸ್ಥನಿಗೆ ಎದೆ ಸರಿಯಾದ ಜಾಗ. ಅವನು ಮಾತಾಡುವವರಿಗೆ ಮುಖ ಕೊಟ್ಟು ಕೂರುತ್ತಾನೆ. ದೋಸೆ ಹೊಯ್ಯುವವರಿಗೆ ಮುಂದಿರುವುದು ಕಾವಲಿ, ಅವರೊಡನೆ ಮಾತಾಡುವವರೆಲ್ಲ ಹಿಂದೆ. ನಾನು ಮೂರು ವಾರ ಯಂತ್ರದ ಮಾದರಿಯನ್ನು ಬದಲಾಯಿಸುತ್ತ ಹೋದೆ. ಅದನ್ನು ಇಡುವ ಜಾಗ ಬದಲಾಯಿಸಬಹುದೆಂದು ಒಮ್ಮೆಯೂ ಯೋಚಿಸಲಿಲ್ಲ. ಅಂದಿನ ದಿನಚರಿಯಲ್ಲಿ ಒಂದೇ ಪದ ಬರೆದು ಎರಡು ಸಲ ಅಡಿಗೆರೆ ಎಳೆದಿದ್ದೇನೆ: "ಬೆನ್ನು."

ಡಿಸೆಂಬರ್ ೧೧, ಭಾನುವಾರ. ಮಧ್ಯಾಹ್ನವೇ ಬರೋಡಾ ತಲುಪಿ ನೇರವಾಗಿ ಯಜಮಾನರ ಮನೆಗೆ ಹೋದೆ. ಅವರ ಹೆಂಡತಿಯ ಬಳಿ ಹೊಲಿಗೆ ಯಂತ್ರವಿತ್ತು. ನಾನು ಕಾಗದದ ಮೇಲೆ ಅಳತೆ ಬರೆದು ತಂದಿದ್ದೆ.

"ಅಕ್ಕಾರ, ತೊಗಲು ಬ್ಯಾಡ, ಬೆವರು ಒಳಗ ಹೋಗಬಾರ್ದು, ಸಪ್ಪಳ ಮಾತ್ರ ಹೋಗಬೇಕು. ಅಂಥಾ ಚೀಲ ಆಗ್ತದೇನ್ರಿ?"

"ನೀವು ಕೇಳುದು ಒಳ್ಳೆ ಅಳಿಯನನ್ನು ಹುಡುಕಿದ ಹಾಗುಂಟು" ಎಂದು ಅವರು ಕತ್ತರಿ ತೆಗೆದುಕೊಂಡರು.

ದಪ್ಪ ಖಾದಿ ಎರಡು ಪದರ, ನಡುವೆ ಮೇಣಬಟ್ಟೆ, ಜಾಲರಿ ಬರುವ ಕಡೆ ದುಂಡಗೆ ಕತ್ತರಿಸಿ ತೆಳು ಮಲ್ ಬಟ್ಟೆ. ಎರಡೂ ಹೆಗಲಿನ ಮೇಲಿಂದ ಬಂದು ಎದೆಯ ಮೇಲೆ ಗಂಟು ಹಾಕುವಂತೆ ಲಾಡಿ. ಹೊಲಿದ ಮೇಲೆ ತಾವೇ ನೀರಲ್ಲಿ ಅದ್ದಿ ಮಡಿಯಲ್ಲಿ ಒಣಹಾಕಿದರು. ದಾರ ಕಡಿಯುತ್ತ ಹೇಳಿದರು: "ನಾಳೆ ಬೆಳಗ್ಗೆ ಆ ಜೈನರ ಮನೆಯವ್ರು ಬರ್ತಾರೆ. ನಾನೇ ಹೋಗಿ ಕರ್ದು ಬಂದೆ. ಒಂದು ಸಲ ಬನ್ನಿ, ಇನ್ನು ಹಾಗಾಗ್ಲಿಕ್ಕಿಲ್ಲ ಅಂದೆ."

"ಅಕ್ಕಾರ, ನಾಳೆ ಬರೇ ಪರೀಕ್ಷಾ ಅದರಿ."

"ಪರೀಕ್ಷೆ ಅಂದ್ಮೇಲೆ ಪ್ರಶ್ನೆಪತ್ರಿಕೆ ಬೇಡ್ವಾ?"

ಡಿಸೆಂಬರ್ ೧೨, ಸೋಮವಾರ. ಭಟ್ಟರು ಸ್ನಾನ ಮಾಡಿ ಬಂದರು. ಎರಡು ಹೆಗಲ ಮೂಳೆಗಳ ನಡುವೆ ಚೀಲ ಕೂರಿಸಿ, ತಂತಿಯನ್ನು ಕುತ್ತಿಗೆಯ ಹಿಂದಿನಿಂದ ಎಡಗಿವಿಯ ಹೊಸ ಅಚ್ಚಿಗೆ ಏರಿಸಿದೆ. ಸದ್ದಿನ ತಿರುಪನ್ನು ಅವರು ತಾವೇ ಮುಟ್ಟಲಾಗದ ಕಾರಣ ಮೊದಲೇ ಸರಿಯಾದ ಜಾಗಕ್ಕೆ ತಿರುಗಿಸಿ ಕೆಂಪು ಬಣ್ಣದ ಚುಕ್ಕೆ ಇಟ್ಟಿದ್ದೆ.

ಕಿಂಡಿಯಲ್ಲಿ ಎತ್ತರದ ಸಪ್ಲಾಯರನ ಮುಖ ಕಂಡಿತು. "ಓ, ಭಟ್ರು ಶಾಲೆಗೆ ಹೊರಟ್ರು. ಬುತ್ತಿ ತಗೊಂಡಿದ್ದೀರಾ?"

ಮೊದಲ ಎಂಟು ಆರ್ಡರು ಅಭ್ಯಾಸಕ್ಕೆ, ಎಣಿಕೆಗಿಲ್ಲ ಎಂದು ಹಿಂದಿನ ದಿನವೇ ಬರೆದಿಟ್ಟಿದ್ದೆ. ಪುಣ್ಯಕ್ಕೆ. ಎಂಟರಲ್ಲಿ ಮೂರು ತಪ್ಪಿದವು. ಎದ್ದು ನೋಡಿದರೆ ಹೆಗಲ ಮೇಲಿನ ಬೈರಾಸು ಜಾರಿ ಚೀಲದ ತೂತಿನ ಮೇಲೆ ಕೂತಿತ್ತು. ಭಟ್ಟರು ಅದನ್ನು ತೆಗೆದು ಸೊಂಟಕ್ಕೆ ಬಿಗಿದರು. "ಈಗ ಬರ್ಲಿ" ಎಂದರು.

ಒಂದು, ಎರಡು, ಮೂರು. ಗೀಟು, ಗೀಟು, ಗೀಟು. ಹನ್ನೆರಡನೆಯದರ ಹೊತ್ತಿಗೆ ಭಟ್ಟರು ಕೇಳಿದ್ದನ್ನು ತಿರುಗಿ ಹೇಳತೊಡಗಿದರು. ತಲೆ ಎತ್ತದೆ, ಕಾವಲಿಗೆ ಹೇಳುವಂತೆ: "ಎರಡು ಸಾದಾ, ಒಂದು ಮಸಾಲೆ, ಒಂದು ಕಡಕ್." ಇಪ್ಪತ್ತು ದಾಟಿತು.

ನಡುವೆ ಸ್ವಲ್ಪ ಬಿಡುವಾಯಿತು. ಎತ್ತರದ ಸಪ್ಲಾಯರ್ ಕಿಂಡಿಗೆ ಒರಗಿ, ಪಕ್ಕದವನಿಗೆ ಎಂದಿನ ಧ್ವನಿಯಲ್ಲೇ ಹೇಳಿದ: "ಆ ಚೀಲ ನೋಡಿದ್ರೆ, ಅಜ್ಜಿ ಮೊಮ್ಮಗುವನ್ನು ಬೆನ್ನಿಗೆ ಕಟ್ಕೊಂಡ ಹಾಗುಂಟು."

ಭಟ್ಟರು ದೋಸೆ ಮಗುಚುತ್ತ, ತಿರುಗದೆ ಹೇಳಿದರು: "ಹೌದು. ಮಗು ಈಗ ಮಾತು ಕಲೀತಾ ಉಂಟು. ನಿನ್ನ ಬಾಯಿಂದ ಕೆಟ್ಟದ್ದು ಕಲ್ತೀತು, ಜಾಗ್ರತೆ."

ಸಪ್ಲಾಯರ್ ನೆಟ್ಟಗಾದ. ಹನ್ನೊಂದು ವರ್ಷದಲ್ಲಿ ಆ ಬೆನ್ನಿನ ಹಿಂದೆ ಆಡಿದ್ದನ್ನೆಲ್ಲ ನೆನಪಿಸಿಕೊಂಡನೋ ಏನೋ, ಕಿಂಡಿಯಿಂದ ಒಂದು ಹೆಜ್ಜೆ ಹಿಂದೆ ಸರಿದ.

ಒಂಬತ್ತಕ್ಕೆ ಯಜಮಾನರು ಗಲ್ಲಾದಲ್ಲಿ ಎದ್ದುನಿಂತದ್ದು ಕಿಂಡಿಯಿಂದ ಕಾಣಿಸಿತು. ಜೈನ ಹಿರಿಯರು ಬಂದಿದ್ದರು, ಮನೆಯವರೆಲ್ಲ ಜೊತೆಗಿದ್ದರು. ಅದೇ ಹೊತ್ತಿಗೆ ಒಂದು ರೈಲು ಬಂದು ಹೋಟೆಲು ತುಂಬಿತ್ತು. ಮೂವರು ಸಪ್ಲಾಯರು ಒಬ್ಬರ ಮೇಲೊಬ್ಬರು ಕೂಗಿದರು. "ನಾಲ್ಕು ಮಸಾಲೆ, ಎರಡು ಸಾದಾ." "ಮೂರು ಕಡಕ್." "ಐದು ಮಸಾಲೆ ಬಾಳೆಕಾಯಿ." ಆ ಕೊನೆಯ ಪದದ ಹೊತ್ತಿಗೆ ಸರಿಯಾಗಿ ಭಟ್ಟರು ಕಾವಲಿಗೆ ನೀರು ಹೊಡೆದರು. ಚುಂಯ್ ಎಂದು ಹೊಗೆ ಎದ್ದಿತು.

ಭಟ್ಟರ ಕೈ ಬಟಾಟೆಯ ಪಾತ್ರೆಯ ಕಡೆ ಹೋಯಿತು. ಹೋಗಿ, ನಾಲ್ಕು ಸೌಟು ಪಲ್ಯವನ್ನು ನಾಲ್ಕು ದೋಸೆಗೆ ಹಾಕಿತು. ಸಟ್ಟುಗವನ್ನು ತೊಳೆದರು. ಕಾವಲಿಯನ್ನು ಒರೆಸಿದರು. ಬೇರೆ ಸೌಟು ತೆಗೆದುಕೊಂಡು ಬಾಳೆಕಾಯಿಯ ಪಾತ್ರೆಯ ಮುಚ್ಚಳ ತೆಗೆದರು.

"ಐದು, ಬಾಳೆಕಾಯಿ" ಎಂದರು ಕಾವಲಿಗೆ.

ಆ ತಟ್ಟೆಗಳನ್ನು ಯಜಮಾನರೇ ಒಯ್ದರು. ಕಿಂಡಿಯಿಂದ ನೋಡಿದೆ. ಹಿರಿಯರು ದೋಸೆಯ ಮಡಿಕೆ ಬಿಡಿಸಿ ನೋಡಿದರು. ಮುಚ್ಚಿದರು. ತಿನ್ನತೊಡಗಿದರು. ಯಜಮಾನರು ಎರಡು ಹೆಜ್ಜೆ ಹಿಂದೆ ಸರಿದು, ಜೇಬಿನಿಂದ ಆ ಕಾರ್ಡು ತೆಗೆದು, ಕಿವಿಯ ಮೇಲಿದ್ದ ಪೆನ್ಸಿಲಿನಿಂದ ಅಲ್ಲೇ ನಿಂತು ಏನನ್ನೋ ಹೊಡೆದುಹಾಕಿ ಬರೆದರು. ಅದು ಆ ಮಧ್ಯಾಹ್ನ ಅಂಚೆಗೆ ಹೋಯಿತು. ಹಾಕಿದವನು ನಾನೇ, ಹಾಗಾಗಿ ಓದಿದ್ದೂ ನಾನೇ. "ದೋಸೆಯವನು" ಇದ್ದ ಕಡೆ "ರುಬ್ಬುವವನು" ಎಂದಾಗಿತ್ತು.

ಒಂಬತ್ತೂವರೆಗೆ ಐವತ್ತು ಮುಗಿಯಿತು. ಗೀಟು ಕೂಡಿಸಿದೆ. ನಲವತ್ತೊಂಬತ್ತು. ಒಂದು ಮಾತ್ರ ಅಡ್ಡಗೆರೆ: ನಲವತ್ತಾರನೆಯದು. ಎತ್ತರದ ಸಪ್ಲಾಯರ್ "ಒಂದು ಮಸಾಲೆ, ತುಪ್ಪ ಜಾಸ್ತಿ" ಎಂದು ಕೂಗಿದ್ದ. ದೋಸೆ ಬಂದಿರಲೇ ಇಲ್ಲ.

"ಭಟ್ರ, ಭಾಳ ಛಲೋ ಆತು" ಎಂದೆ, ಅವರ ಬೆನ್ನಿಗೆ. "ಒಂದ ಒಂದು ತಪ್ಪೇತಿ. ನಲವತ್ತಾರನೇದು ಕೇಳಸಲಿಲ್ಲೇನ್ರಿ?"

"ತುಪ್ಪ ಜಾಸ್ತಿ ಅಂದದ್ದಲ್ವಾ? ಕೇಳಿತು."

"ಮತ್ತ ಹಾಕಲಿಲ್ಲ?"

ಭಟ್ಟರು ಈಗ ಮಾತ್ರ ತಿರುಗಿದರು. ಮೂರು ವಾರದಲ್ಲಿ ಮೊದಲ ಸಲ ಅವರು ಹಲ್ಲು ಬಿಟ್ಟು ನಗುವುದನ್ನು ನೋಡಿದೆ. "ಗಿರಾಕಿಗೆ ಕೂಗುದಾದ್ರೆ ಅವನು ಕಿರುಚ್ತಾನೆ. ಅವನಿಗೇ ಬೇಕಾದ್ರೆ ಬೆಣ್ಣೆ ಹಾಗೆ ಕೂಗ್ತಾನೆ. ಇಷ್ಟು ವರ್ಷ ಆ ವ್ಯತ್ಯಾಸ ನಂಗೆ ಗೊತ್ತಾಗ್ತಿರ್ಲಿಲ್ಲ. ಎಷ್ಟು ತುಪ್ಪ ತಿಂದಿದ್ದಾನೋ ದೇವರಿಗೇ ಗೊತ್ತು."

ಕಿಂಡಿಯಲ್ಲಿದ್ದ ಮುಖ ಮಾಯವಾಯಿತು.

ಗೀಟು ಎಂದರೆ ಮೊದಲ ಸಲಕ್ಕೇ ಕೇಳಿಸಿದ್ದು ಎಂಬುದು ನಾನೇ ಮಾಡಿಕೊಂಡ ನಿಯಮ. ಕೇಳಿಸಿದ ಮೇಲೆ ದೋಸೆ ಹೊಯ್ಯುವುದು, ಬಿಡುವುದು ದೋಸೆ ಹೊಯ್ಯುವವರ ಇಷ್ಟ. ದಿನಚರಿಯಲ್ಲಿ ನಾನು ಅಂಕಿ ತಿದ್ದಿದ್ದು ಆ ವರ್ಷ ಅದೊಂದೇ ಸಲ. ನಲವತ್ತೊಂಬತ್ತನ್ನು ಹೊಡೆದು, ಪಕ್ಕದಲ್ಲಿ ಐವತ್ತಕ್ಕೆ ಐವತ್ತು ಎಂದು ಬರೆದು, ತಾರೀಕು ಹಾಕಿ ಸಹಿ ಮಾಡಿದೆ. ಅದರ ಕೆಳಗೆ ಇನ್ನೊಂದು ಸಾಲಿದೆ: "ನಾನು ತಿಂದದ್ದು: ಬಾಳೆಕಾಯಿ ಮಸಾಲೆ, ಎರಡು. ತುಪ್ಪ ಜಾಸ್ತಿ. ಕಿರುಚಿಯೇ ಕೇಳಿದೆ."